ಕೆಂಪು ಪೆನ್ನಿನ ಸಹಿ

ವಾರ್ಡಿನಲ್ಲಿ ಅವಳಿಗೆ 'ಕೆಂಪು ಪೆನ್ನು' ಎಂದೇ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ ಅನ್ನಿ, ಅಷ್ಟು ಧೈರ್ಯ ಯಾರಿಗಿತ್ತು! ಹದಿನಾಲ್ಕು ವರ್ಷದಿಂದ ನರ್ಸ್. ಕಿರಿಯರು ಬರೆದ ಜ್ವರದ ಚಾರ್ಟನ್ನು ಒಂದು ಸಲ ನೋಡಿದರೆ ಸಾಕು, ಥರ್ಮಾಮೀಟರ್ ಇಟ್ಟು ಬರೆದದ್ದು ಯಾವುದು, ಕುರ್ಚಿಯಲ್ಲಿ ಕೂತು ಬರೆದದ್ದು ಯಾವುದು ಎಂದು ಕೆಂಪು ಗೆರೆ ಎಳೆದು ಹೇಳಿಬಿಡುತ್ತಿದ್ದಳು.

ಮನೆಯಲ್ಲಿದ್ದವರು ಇಬ್ಬರೇ, ಅವಳು ಮತ್ತು ಒಂಬತ್ತು ವರ್ಷದ ಮಗಳು. ಗಂಡ ಲಾರಿ ಡ್ರೈವರ್. ತಿಂಗಳಿಗೆ ಎರಡು ದಿನ ಮುಖ ತೋರಿಸಿದರೆ ಅದೇ ದೊಡ್ಡದು. ಇವಳಿಗೆ ಮಧ್ಯಾಹ್ನದ ಪಾಳಿ. ಮಗಳು ಶಾಲೆಯಿಂದ ಬರುವ ಹೊತ್ತಿಗೆ ಅಮ್ಮ ವಾರ್ಡಿನಲ್ಲಿ. ಅಮ್ಮ ಬರುವ ಹೊತ್ತಿಗೆ ಮಗಳು ಕೆಳಮನೆಯ ಟೈಲರ್ ಅಜ್ಜಿಯ ಪಕ್ಕ ನಿದ್ದೆ ಹೋಗಿರುತ್ತಿದ್ದಳು. ಎತ್ತಿಕೊಂಡು ಮಹಡಿ ಹತ್ತಬೇಕು. ಬೆಳಿಗ್ಗೆ ಜಡೆ ಹೆಣೆಯುವ ಹತ್ತು ನಿಮಿಷವೇ ತಾಯಿ ಮಗಳ ಸಂಸಾರ. ಅದರಲ್ಲೂ ಅರ್ಧ, "ಅಲ್ಲಾಡಬೇಡ ಕಣೇ" ಅನ್ನುವುದರಲ್ಲೇ ಮುಗಿಯುತ್ತಿತ್ತು.

ಹೆತ್ತ ಕರುಳು ಸುಮ್ಮನಿರುತ್ತದೆಯೇ? ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಒಬ್ಬರು ಇನ್ನೊಬ್ಬರಿಗೆ ಬರೆದಿಟ್ಟು ಹೋಗುವ ಪುಸ್ತಕ ಇರುತ್ತದಲ್ಲ, ಅಂಥದ್ದೇ ಒಂದನ್ನು ಮನೆಗೂ ಮಾಡಿದಳು. ವಾರಕ್ಕೊಂದು ಹಾಳೆ, ತಿಂಗಳ ಮೊದಲ ದಿನವೇ ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಹಾಕಿಡುತ್ತಿದ್ದಳು: ಊಟ, ಲೆಕ್ಕ, ಓದು, ಜ್ವರ, ಬೇಜಾರು. ಸಂಜೆ ಮಗಳು ತುಂಬಬೇಕು. ಅಮ್ಮ ಬಂದು ಲೆಕ್ಕ ತಿದ್ದಿ, ಮಾರನೆಯ ದಿನಕ್ಕೆ ಐದು ಹೊಸ ಲೆಕ್ಕ ಬರೆದು, ಕೆಂಪು ಪೆನ್ನಿನಲ್ಲಿ ಗಂಟೆ ನಮೂದಿಸಿ ಸಹಿ ಹಾಕಬೇಕು. ಒಂದು ವರ್ಷ ಹೀಗೇ ನಡೆಯಿತು. ಮಗಳು ಲೆಕ್ಕದಲ್ಲಿ ತರಗತಿಗೇ ಮೊದಲು.

"ನಾನು ವಾರ್ಡಲ್ಲಿದ್ರೂ ನನ್ನ ಮಗಳು ಹೇಗಿದ್ದಾಳೆ ಅಂತ ನಂಗೆ ಗೊತ್ತಿರತ್ತೆ ಅಜ್ಜಿ" ಎಂದು ಕೊಚ್ಚಿಕೊಳ್ಳುತ್ತಿದ್ದಳು. ಆ ಒಂದು ನಂಬಿಕೆ ಇದ್ದದ್ದಕ್ಕೇ ಅವಳು ದಿನಾ ಬಾಗಿಲಿಗೆ ಬೀಗ ಹಾಕಿ ಹೊರಡಲು ಸಾಧ್ಯವಾಗುತ್ತಿತ್ತು. ಅಜ್ಜಿ ಮಾತ್ರ ಸೂಜಿಗೆ ದಾರ ಪೋಣಿಸುತ್ತಾ, "ಕಿಟಕಿ ಹತ್ರ ಕೂತ್ರೆ ಏಳೋದೇ ಇಲ್ಲ ಕಣಮ್ಮ ಅದು" ಅನ್ನುತ್ತಿದ್ದಳು. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಪುಸ್ತಕದಲ್ಲಿ 'ಬೇಜಾರು: ಇಲ್ಲ' ಎಂದು ಇತ್ತಲ್ಲ!

ಒಂದು ಶನಿವಾರ ವಾರ್ಡಿನಲ್ಲಿ ಹೊಸ ನರ್ಸ್ ಒಬ್ಬಳು ಸಿಕ್ಕಿಬಿದ್ದಳು. ಸಂಜೆ ಆರರ ಜ್ವರವನ್ನು ನಾಲ್ಕಕ್ಕೇ ಬರೆದಿಟ್ಟಿದ್ದಳು.

"ಆರು ಗಂಟೆ ಇನ್ನೂ ಹುಟ್ಟೇ ಇಲ್ಲ, ಆಗಿನ ಜ್ವರ ನಿಂಗೆ ಹೇಗಮ್ಮ ಗೊತ್ತಾಯ್ತು?"

"ಸಿಸ್ಟರ್, ಅವ್ರಿಗೆ ದಿನಾ ಅಷ್ಟೇ ಇರತ್ತೆ..."

"ರೋಗಿ ಮುಖ ನೋಡಿ ಬರಿ. ಚಾರ್ಟ್ ಮುಖ ನೋಡಿ ಅಲ್ಲ!"

ಹುಡುಗಿ ಎಲ್ಲರ ಮುಂದೆ ಅತ್ತುಬಿಟ್ಟಳು.

ಮಾರನೆಯ ದಿನ ರಜೆ. ಬೆಳಿಗ್ಗೆ ಮಗಳು ಸ್ನಾನಕ್ಕೆ ಹೋದಾಗ, ಸೋಮವಾರದ ಲೆಕ್ಕ ಬರೆದಿಡೋಣವೆಂದು ಪುಸ್ತಕ ತೆಗೆದು ಹೊಸ ವಾರದ ಹಾಳೆ ತಿರುವಿದಳು. ಸೋಮವಾರ: ಊಟ ಆಯಿತು, ಲೆಕ್ಕ ಆಯಿತು, ಜ್ವರ ಇಲ್ಲ, ಬೇಜಾರು ಇಲ್ಲ. ಮಂಗಳವಾರವೂ ಅದೇ, ಬುಧವಾರವೂ ಅದೇ. ತಿಂಗಳ ಕೊನೆಯವರೆಗೆ, ಇನ್ನೂ ಬಾರದ ದಿನಗಳೆಲ್ಲ ಭರ್ತಿ. ಒಂದೇ ಪೆನ್ನು, ಅಕ್ಷರದ ಓರೆಯೂ ಒಂದೇ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತಂತೆ, ಹಾಗಾಯಿತು ಇವಳ ಗತಿ.

ಮಗಳು ಒದ್ದೆ ಕೂದಲಲ್ಲಿ ಬಂದು ನಿಂತಳು.

"ಏನೇ ಇದು? ಬರೋ ಗುರುವಾರ ಬೇಜಾರಾಗಲ್ಲ ಅಂತ ಈಗ್ಲೇ ಹೇಗೆ ಗೊತ್ತು ನಿಂಗೆ?"

ಮಗಳು ಹೆದರಲಿಲ್ಲ. "ಒಂದ್ಸಲ ಹೌದು ಅಂತ ಬರೆದಿದ್ದೆ ಅಮ್ಮ. ನೀನು ಸೈನ್ ಹಾಕಿದ್ದೆ."

"ಸುಳ್ಳು ಹೇಳ್ಬೇಡ!"

ಮಗಳೇ ಪುಸ್ತಕ ತೆಗೆದುಕೊಂಡು ಹಿಂದೆ ಹಿಂದೆ ಹೋದಳು. ಹೆಚ್ಚು ಹುಡುಕಬೇಕಾಗಲಿಲ್ಲ, ಆ ಹಾಳೆಯ ಮೂಲೆ ಮಡಚಿಟ್ಟಿತ್ತು. ಐದು ತಿಂಗಳ ಹಿಂದಿನದು. 'ಬೇಜಾರು: ಹೌದು. ತುಂಬಾ.' ಪಕ್ಕದಲ್ಲಿ ಐದೂ ಲೆಕ್ಕಕ್ಕೆ ಕೆಂಪು ಸರಿ ಗುರುತು, 'ಗುಡ್', ಒಂಬತ್ತು ನಲವತ್ತು, ಸಹಿ. ಅವಳದೇ ಸಹಿ.

ಇವಳು ಮಗಳನ್ನು ಮಡಿಲಿಗೆ ಎಳೆದುಕೊಂಡಳು.

"ಅವತ್ತು ಏನಾಗಿತ್ತು ಪುಟ್ಟಿ? ಈಗ ಹೇಳೇ, ಕೇಳ್ತೀನಿ."

ಮಗಳು ಆ ಸಾಲನ್ನು ತುಂಬ ಹೊತ್ತು ನೋಡಿದಳು. ನೆನಪು ಮಾಡಿಕೊಳ್ಳಲು ನಿಜಕ್ಕೂ ಪ್ರಯತ್ನಪಟ್ಟಳು, ಪಾಪ.

"ಮರ್ತೋಯ್ತಮ್ಮ" ಎಂದಳು.