ಗಂಗೊಳ್ಳಿ ಹೊಳೆಯಲ್ಲಿ ನಾವು ಮಾಡಿದ ಡಚ್ಚರ ಯುದ್ಧ

೧೯೫೮ನೇ ಇಸವಿಯಲ್ಲಿ ನಾನು ಕುಂದಾಪುರದಿಂದ ಬೊಂಬಾಯಿಗೆ ಹಂಚು ಸಾಗಿಸುವ ಒಂದು ಮಂಜಿಯ ತಂಡೇಲನಾಗಿದ್ದೆ. ಮಂಜಿ ಅಂದರೆ ಹಾಯಿಯ ಮೇಲೆ ಓಡುವ ಸರಕಿನ ಹಡಗು, ತಂಡೇಲ ಅಂದರೆ ಅದರ ಯಜಮಾನಿಕೆ ಮಾಡುವವ. ನಾನು ಓದಿದ್ದು ಮೂರನೇ ಕ್ಲಾಸು. ಮೊನ್ನೆ ಮೊಮ್ಮಗಳು ಚರಿತ್ರೆ ಪುಸ್ತಕ ಹಿಡಿದುಕೊಂಡು ಬಂದು, "ಅಜ್ಜಾ, ಇಂಗ್ಲಿಷರಿಗೂ ಡಚ್ಚರಿಗೂ ಸಮುದ್ರದಲ್ಲಿ ಯುದ್ಧ ಆಯಿತ್ತಂಬ್ರ್, ನಿಂಗೆ ಗೊತ್ತಿತ್ತಾ?" ಅಂತ ಕೇಳಿದಳು. ಗೊತ್ತಿತ್ತು ಮಗಾ, ಆ ಯುದ್ಧದಲ್ಲಿ ನಾನೇ ಇದ್ದೆ ಅಂದೆ. ಅವಳ ಬಾಯಿ ತೆರೆದದ್ದು ಮುಚ್ಚಲಿಲ್ಲ. ನನಗೆ ಆದ ಖುಷಿಗೆ ಲೆಕ್ಕವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಒತ್ತು, ದೀರ್ಘ ಅವಳು ತಿದ್ದಿದ್ದಾಳೆ.

ಆ ವರ್ಷ ನಮ್ಮೂರ ಶಾಲೆಯ ವಾರ್ಷಿಕೋತ್ಸವಕ್ಕೆ ತೆಕ್ಕಟ್ಟೆ ಕಡೆಯ ಐತಾಳ ಮೇಷ್ಟ್ರಿಗೆ ಒಂದು ಆಸೆ ಹುಟ್ಟಿತು. ೧೬೬೭ರಲ್ಲಿ ಡಚ್ಚರು ಇಂಗ್ಲೆಂಡಿನ ಮೆಡ್ವೇ ಎಂಬ ಹೊಳೆಗೆ ನುಗ್ಗಿ, ಅಡ್ಡ ಕಟ್ಟಿದ್ದ ಸರಪಳಿ ಮುರಿದು, ರಾಜನ ದೊಡ್ಡ ಹಡಗನ್ನೇ ಹಗ್ಗ ಕಟ್ಟಿ ಎಳೆದುಕೊಂಡು ಹೋದರಂತೆ. ಅದನ್ನು ನಮ್ಮ ಹೊಳೆಯಲ್ಲಿ ನಿಜವಾದ ಮಂಜಿಗಳಿಂದ ಮಾಡಿಸಬೇಕು ಅಂತ ಆಸೆ. ನನ್ನನ್ನೂ ಬಾಬು ತಂಡೇಲನನ್ನೂ ಕರೆಸಿದರು. ಬಾಬುವಿಗೂ ನನಗೂ ಯಾರ ಮಂಜಿ ಬೊಂಬಾಯಿಗೆ ಮೊದಲು ಮುಟ್ಟುತ್ತದೆ ಅಂತ ವರ್ಷವಿಡೀ ಪೈಪೋಟಿ.

ಇಂಗ್ಲಿಷರಾಗಲಿಕ್ಕೆ ಇಬ್ಬರಿಗೂ ಮನಸ್ಸಿಲ್ಲ.

"ಅವ್ರನ್ನ ಓಡ್ಸಿ ಹನ್ನೊಂದ್ ವರ್ಷ ಆಯ್ತ್. ಈಗ ನಾವೇ ಅವ್ರ್ ಆಪ್ದಾ ಮೇಷ್ಟ್ರೇ?" ಅಂದೆ.

ಮೇಷ್ಟ್ರು ನಕ್ಕರು. "ಡಚ್ಚರ ಊರಲ್ಲಿ ನೀರಿನ ಆಳ ಕಮ್ಮಿ. ಅದಕ್ಕೇ ಅವರ ಹಡಗಿನ ಅಡಿ ಚಪ್ಪಟೆ. ಇಂಗ್ಲಿಷರ ಹಡಗು ನೀರಲ್ಲಿ ಆಳ ಕೂತ್ಕೊಂಬ್ದ್. ನಿಮ್ಮದು ಹಂಚು ತುಂಬಿದ ಮಂಜಿ, ಬಾಬುವಿನದ್ದು ಖಾಲಿ. ಇನ್ನೆಂತ ಮಾಡೂದು ಹೇಳಿ?"

ಹಾಗೆ ಹದಿನೈದು ಸಾವಿರ ಹಂಚಿನ ಭಾರದೊಂದಿಗೆ ನಾನು ಇಂಗ್ಲಿಷನಾದೆ. ಬಾಬು ಬಂದು ನನ್ನ ಮಂಜಿಯನ್ನು ಎಳೆಯುವಾಗ "ಕಾಪಾಡಿ, ಕಾಪಾಡಿ" ಅಂತ ಕೂಗಬೇಕು ಅಂತಲೂ ಹೇಳಿಕೊಟ್ಟರು.

ಮೂರು ಗಂಟೆಗೆ, ಉಬ್ಬರದ ನೀರು ತುಂಬಿರುವಾಗ ಶುರು ಅಂತ ಮಾತಾಗಿತ್ತು. ಆದರೆ ಬಂದ ಅತಿಥಿಗಳ ಭಾಷಣ ಮುಗಿಯುವಾಗ ನಾಲ್ಕೂವರೆ. ನೀರು ಇಳಿಯಲು ಹಿಡಿದಿತ್ತು. ಅದು ನನಗೆ ಗೊತ್ತಾಗದೆ ಇರಲಿಲ್ಲ. ಆದರೂ ದಡದಲ್ಲಿ ನನ್ನ ಹೆಂಡತಿ, ಅವಳ ತವರಿನವರೆಲ್ಲ ನಿಂತಿದ್ದರಲ್ಲ, ಅವರಿಗೆ ಚೆಂದ ಕಾಣಲಿ ಅಂತ ಲಂಗರಿನ ಹಗ್ಗ ಸಡಿಲ ಬಿಟ್ಟು ಮಂಜಿಯನ್ನು ದಡದ ಹತ್ತಿರ ತಂದೆ. ತಪ್ಪು ನನ್ನದೇ.

ಬಾಬು ಅಳಿವೆ ಕಡೆಯಿಂದ ಬಂದ. ಅವನ ಮಂಜಿಯ ಮೇಲೆ ಫಿರಂಗಿಯ ಬದಲಿಗೆ ದೇವಸ್ಥಾನದ ಕದಿನ, ಅಂದರೆ ಮದ್ದು ತುಂಬಿದ ಕಬ್ಬಿಣದ ಕುಡಿಕೆ, ಸಿಡಿಯಿತು. ತೆಂಗಿನ ಸಿಪ್ಪೆ ಕಟ್ಟಿ ಮಾಡಿದ ಸರಪಳಿ ಹರಿಯಿತು. ಜನ ಕುಣಿದರು. ಅಷ್ಟರಲ್ಲಿ ನನ್ನ ಕಾಲಡಿ ಹಲಗೆ ಕರ್ರ್ ಅಂತ ಸದ್ದು ಮಾಡಿತು. ಮಂಜಿಯ ಹಿಂಭಾಗ ಮರಳ ದಿಬ್ಬದ ಮೇಲೆ ಕೂತಿತ್ತು. ತುಂಬಿದ ಮಂಜಿ ಇಳಿತದಲ್ಲಿ ಮರಳು ಹಿಡಿದರೆ ಹೊಟ್ಟೆ ಒಡೆಯುತ್ತದೆ. ಅರ್ಧ ಗಂಟೆ ಕಳೆದರೆ ಮಂಜಿ ಇಲ್ಲ, ಅದನ್ನೇ ನಂಬಿದ ನಮ್ಮ ಎಂಟು ಜನರ ಅನ್ನವೂ ಇಲ್ಲ.

"ಹ್ವಾಯ್ ಬಾಬು, ಬೇಗ ಹಗ್ಗ ಬಿಸಾಡಾ, ಮಂಜಿ ಕೂತ್ಕಂಡಿತ್ತ್" ಅಂತ ಕೂಗಿದೆ.

ದಡದಲ್ಲಿ ಚಪ್ಪಾಳೆ. ಬಾಬು ಸೊಂಟದ ಮೇಲೆ ಕೈ ಇಟ್ಟು, "ನಿನ್ ರಾಜನ ಹತ್ರ ಹೋಯಿ ಕೇಣ್" ಅಂದ. ಮತ್ತೊಂದು ಕದಿನ ಹೊಡೆಸಿದ. ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗಿದಷ್ಟೂ ಚಪ್ಪಾಳೆ ಹೆಚ್ಚಾಯಿತು.

ಕೊನೆಗೆ ಹಿಂಭಾಗ ಹಗುರ ಮಾಡಲಿಕ್ಕೆ ಹಂಚು ನೀರಿಗೆ ಹಾಕಿ ಅಂದೆ. ಖಲಾಸಿಗಳು ನನ್ನ ಮುಖ ನೋಡಿದರು. ಒಪ್ಪಿಕೊಂಡ ಸರಕನ್ನು ಒಡೆಯದೆ ಮುಟ್ಟಿಸುವುದೇ ತಂಡೇಲನ ಮರ್ಯಾದೆ. ಮೊದಲನೆಯ ಹಂಚನ್ನು ನಾನೇ ಎತ್ತಿ ಹಾಕಿದೆ. ಆಮೇಲೆ ಎಲ್ಲರೂ ಕೈ ಹಚ್ಚಿದರು.

ಇನ್ನೂರು ಹಂಚು ಹೋಗಿರಬಹುದು. ಬಾಬುವಿನ ನಗು ನಿಂತಿತು. ಕದಿನದವನಿಗೆ ಕೈ ತೋರಿಸಿ ನಿಲ್ಲಿಸಿದ. ತನ್ನ ಮಂಜಿಯನ್ನು ನನ್ನ ಮಂಜಿಯ ಮೂತಿಯ ಹತ್ತಿರ ತಂದು ಹಗ್ಗ ಎಸೆದ. ನಾವು ಲಂಗರು ಎತ್ತಿದೆವು, ಗಳ ಹಾಕಿ ಒತ್ತಿದೆವು. ಪಡುಗಾಳಿ ಅವನ ಹಾಯಿ ತುಂಬಿತು. ಮಂಜಿ ಒಮ್ಮೆ ನಡುಗಿ, ಜಾರಿ, ಹೊಳೆಯ ನಡುವಿನ ಆಳಕ್ಕೆ ಬಂತು.

ಐತಾಳ ಮೇಷ್ಟ್ರು ಮೊಣಕಾಲು ನೀರಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದರು. "ಪುಸ್ತಕದಲ್ಲಿ ಇದ್ದ ಹಾಗೇ ಆಯ್ತು" ಅಂದರು. ಅವರಿಗೆ ನಿಜ ಹೇಳಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ.

ಆಮೇಲೆ ಬಾಬು ನನ್ನ ಮಂಜಿ ಹತ್ತಿದ. "ಮುಂಚೆಯೇ ಹೇಳುಕಾಗ್ದಾ?" ಅಂದ.

"ಹೇಳ್ತಾ ಇದ್ದೆ ಮಾರಾಯಾ."

"ನೀ ಕೂಗಿದ್ದ್ ನಾಟ್ಕ ಅಂದ್ಕಂಡೆ. ಹಂಚ್ ಬಿಸಾಡುದ್ ಕಂಡ್ ಗೊತ್ತಾಯ್ತ್. ಒಂದ್ ಹಂಚ್ ಮೂಲೆ ಒಡೆದ್ರೂ ಮೂರ್ ದಿನ ಮಾತಾಡ್ದೇ ಇಪ್ಪವ ಅಲ್ದಾ ನೀ."

ಮುಂದೆ ಹದಿನಾಲ್ಕು ವರ್ಷ ನಾನು ಸಮುದ್ರದ ಮೇಲಿದ್ದೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಷ್ಟದಲ್ಲಿರುವವನ ಬಾಯಿಯನ್ನಲ್ಲ, ಕೈಯನ್ನು ನೋಡಬೇಕು. ಒಮ್ಮೆ ಭಟ್ಕಳದ ಆಚೆ ದೂರದಲ್ಲೊಂದು ಮಂಜಿ ತನ್ನ ಪಾಡಿಗೆ ಹೋಗುತ್ತಿರುವ ಹಾಗೆ ಕಾಣುತ್ತಿತ್ತು. ಅದರವರು ಕುಡಿಯುವ ನೀರಿನ ಪೀಪಾಯಿಯನ್ನು ಸಮುದ್ರಕ್ಕೆ ಉರುಳಿಸುವುದು ಕಂಡು, ಯಾರನ್ನೂ ಕೇಳದೆ ಚುಕ್ಕಾಣಿ ಆ ಕಡೆ ತಿರುಗಿಸಿದೆ. ಹತ್ತಿರ ಹೋದಾಗ ಅದರೊಳಗೆ ಸೊಂಟಮಟ್ಟ ನೀರು. ಆರು ಜನರನ್ನು ಹತ್ತಿಸಿಕೊಂಡೆವು.

"ಅವ್ರ್ ಕೂಗ್ಲಿಲ್ಯಾ ಅಜ್ಜಾ?" ಅಂತ ಮೊಮ್ಮಗಳು ಕೇಳಿದಳು.

ಕೂಗಲಿಕ್ಕೆ ಅವರಿಗೆ ಪುರುಸೊತ್ತು ಇರಲಿಲ್ಲ ಮಗಾ, ಮಂಜಿಯೊಳಗಿನ ನೀರು ತೋಡಿ ಹೊರಗೆ ಚೆಲ್ಲುತ್ತಿದ್ದರು.