ಹುಳ ನೋಡಲು ಬಂದ ನೆಂಟರು

ಮುನಿಶಾಮಮ್ಮನ ಕಣ್ಣು ತಪ್ಪಿಸಿ ಒಂದು ಬೆಕ್ಕೂ ಬೀದಿ ದಾಟುವುದಿಲ್ಲ ಎಂದು ನಮ್ಮೂರಲ್ಲಿ ಹೇಳುತ್ತಾರೆ. ಮೆಚ್ಚಿ ಹೇಳುವುದಲ್ಲ, ಮೂಗು ಮುರಿದು ಹೇಳುವುದು. ನಾನೂ ಮೂಗು ಮುರಿದವಳೇ. ನಾನು ಇದೇ ಊರಿನ ಅಂಗನವಾಡಿ ಟೀಚರು, ಶೈಲಜಾ. ಟೀಚರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದೂ ಊರು ಹೇಳುತ್ತದೆ. ಅದೇನೂ ಸುಳ್ಳಲ್ಲ ಬಿಡಿ.

ದಿಬ್ಬೂರಹಳ್ಳಿ ಕಡೆಯ ಸಣ್ಣ ಊರು ನಮ್ಮದು. ಮೂರು ಮನೆಗೆ ಒಂದು ಮನೆಯಲ್ಲಿ ರೇಷ್ಮೆ ಹುಳ. ಮುನಿಶಾಮಮ್ಮ ಆ ಮನೆಗಳಲ್ಲಿ ಮೂವತ್ತು ವರ್ಷದಿಂದ ಕೂಲಿ ಮಾಡಿದವಳು. ಸೊಪ್ಪು ಹಾಕುತ್ತಾಳೆ, ಬಲಿತು ಹಣ್ಣಾದ ಹುಳ ಆಯ್ದು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಾಳೆ. ಸಾವಿರಾರು ಹುಳದ ನಡುವೆ ಯಾವುದು ಹಣ್ಣಾಗಿದೆ, ಯಾವುದಕ್ಕೆ ರೋಗ ತಗುಲಿದೆ ಎಂದು ನಿಂತಲ್ಲೇ ಹೇಳಬಲ್ಲಳು. ಅಂಥ ಕಣ್ಣು ಬೀದಿಗೆ ಬಂದ ಮೇಲೆ ಮುಚ್ಚಿಕೊಂಡಿರು ಎಂದರೆ ಇರುತ್ತದೆಯೇ?

ಒಂದು ಸಲ ಆ ಕಣ್ಣೇ ಅವಳಿಗೆ ಮೋಸ ಮಾಡಿತು. ತೋಟದ ಬದಿಯಲ್ಲಿ ಚೀಲ ಹಿಡಿದು ಬಗ್ಗಿ ನಿಂತಿದ್ದವನನ್ನು ಪಂಪಿನ ಕೇಬಲ್ ಕದಿಯಲು ಬಂದವನೆಂದು ಕೂಗಿಬಿಟ್ಟಳು. ನಮ್ಮ ಗಂಡಸರು ಹಿಂದೆ ಮುಂದೆ ನೋಡದೆ ನಾಲ್ಕು ಬಿಟ್ಟರು. ಅವನು ಪರೀಕ್ಷೆಗೆ ಮಣ್ಣು ತೆಗೆದುಕೊಂಡು ಹೋಗಲು ಬಂದವನು. ತುಟಿ ಒಡೆದುಕೊಂಡು ಕೂತಿದ್ದವನಿಗೆ ಮುನಿಶಾಮಮ್ಮ ತಾನೇ ನೀರು ತಂದುಕೊಟ್ಟು, ಕೈ ಮುಗಿದಳು. ಆಮೇಲೆ ಅವಳು ಕೂಗುವುದನ್ನು ಬಿಟ್ಟಳು. ಹೊಸಬರು ಯಾರೇ ಬರಲಿ, ಹತ್ತಿರ ಹೋಗಿ, ಯಾರ ಮನೆಗೆ ಬಂದ್ರಪ್ಪ ಎಂದು ಕೇಳುತ್ತಾಳೆ. ಕೆಲಸವಿದ್ದು ಬಂದವನು ಹೇಳುತ್ತಾನೆ, ಇಲ್ಲದವನು ತಡವರಿಸುತ್ತಾನೆ. ಅಷ್ಟೇ ಅವಳ ಲೆಕ್ಕಾಚಾರ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಅಂಗನವಾಡಿಗೆ ಬಂದಳು. ನಾನು ಮಕ್ಕಳನ್ನು ಮಲಗಿಸುತ್ತಿದ್ದೆ. ಅವಳು ಆಗ ಕೂಲಿಗೆ ಹೋಗುತ್ತಿದ್ದ ವೆಂಕಟರವಣಪ್ಪನ ಮನೆಗೆ ಬೆಳಿಗ್ಗೆ ನೆಂಟರು ಬಂದಿದ್ದರಂತೆ. ಬರಲಿ, ನಿನಗೇನು ಎಂದೆ. ಅವರ ಮನೆಯಲ್ಲಿ ಹುಳ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿದೆ ಎಂದಳು.

ನಮ್ಮ ಕಡೆಯವರಿಗೆ ಅಷ್ಟು ಹೇಳಿದರೆ ಸಾಕು. ಜ್ವರ ಎಂದರೆ ಹುಳ ಪೊರೆ ಬಿಡುವುದು. ನಾಲ್ಕನೆಯದು ಎದ್ದ ಮೇಲೆ ಗೂಡಿಗೆ ಹೋಗುವ ತನಕ ಹೊರಗಿನವರನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಸೋಂಕಿನ ಭಯ, ದೃಷ್ಟಿಯ ಭಯ, ಎರಡೂ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಬಂದರೂ ಜಗಲಿಯಲ್ಲೇ ಕೂರಿಸಿ ಕಾಫಿ ಕೊಡುತ್ತಾರೆ. ಇಲ್ಲಿ ಏಳು ಜನ ಒಳಗೆ ಕೂತು ಊಟ ಮಾಡಿದ್ದಾರೆ. ಯಾರಣ್ಣ ಎಂದು ಇವಳು ಕೇಳಿದ್ದಕ್ಕೆ ವೆಂಕಟರವಣಪ್ಪ, ಹುಳ ನೋಡೋಕೆ ಬಂದವ್ರೆ ಎಂದನಂತೆ. ಹುಳ ಸಾಕುವವನ ಬಾಯಲ್ಲಿ ಬರುವ ಮಾತೇ ಅದು?

ಅವನ ಮಗಳು ಧನುಶ್ರೀ ಒಂಬತ್ತನೇ ಕ್ಲಾಸು. ನಾಲ್ಕು ದಿನದಿಂದ ಶಾಲೆಗೆ ಹೋಗಿಲ್ಲ. ಮುನಿಶಾಮಮ್ಮ ಸೊಪ್ಪಿನ ಕೋಣೆಯಲ್ಲಿ ಹುಡುಗಿಯನ್ನೇ ಕೇಳಿದ್ದಾಳೆ. ಅವಳು ಅತ್ತಿದ್ದಾಳೆ.

ಇಷ್ಟು ಕೇಳಿಯೂ ನನಗೆ ಬಂದದ್ದು ಸಿಟ್ಟು. ನಿನಗ್ಯಾಕಮ್ಮ ಊರ ಉಸಾಬರಿ, ಹೋದ ಸಲ ಒಬ್ಬನಿಗೆ ಹೊಡೆಸಿದ್ದು ಸಾಲದೇ ಎಂದು ರೇಗಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ವೆಂಕಟರವಣಪ್ಪ ಪಂಚಾಯಿತಿಯಲ್ಲಿ ನಾಲ್ಕು ಜನ ಮಾತು ಕೇಳುವ ಮನುಷ್ಯ, ನನಗೆ ದಿನಾ ಎದುರಾಗುವವನು.

ಮುನಿಶಾಮಮ್ಮ ಮಲಗಿದ್ದ ಮಕ್ಕಳ ಕಡೆ ನೋಡಿದಳು.

"ನಾನ್ ಹೇಳಿದ್ರೆ ನನ್ ಕೂಲಿ ಹೋಗ್ತದೆ ಟೀಚರಮ್ಮ. ನೀವ್ ಹೇಳಿದ್ರೆ ನಿಮ್ದೇನ್ ಹೋಗ್ತದೆ?"

ನಾಚಿಕೆಯಾಯಿತು. ಹಳೆಯ ರಿಜಿಸ್ಟರು ತೆಗೆದೆ. ಧನುಶ್ರೀ ಹುಟ್ಟಿದ ತಾರೀಕು ನನ್ನ ಕೈಬರಹದಲ್ಲೇ ಇತ್ತು. ಹದಿನೈದು ತುಂಬಿ ಎರಡು ತಿಂಗಳು. ಮಕ್ಕಳ ಸಹಾಯವಾಣಿಗೆ ನಾನೇ ಫೋನ್ ಮಾಡಿದೆ. ನಮ್ಮ ಹೆಸರು ಹೊರಗೆ ಬರುವುದಿಲ್ಲ ಎಂದರು.

ಮಾರನೆಯ ದಿನ ಜೀಪು ಬಂತು. ಅಧಿಕಾರಿಗಳು ವಿಚಾರಿಸಿದರು. ಮದುವೆಗೆ ಹನ್ನೊಂದು ದಿನ ಉಳಿದಿತ್ತು. ವೆಂಕಟರವಣಪ್ಪ, ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟ. ಜೀಪು ಹೋದದ್ದೇ ತಡ, ಬೀದಿಯಲ್ಲಿ ನಿಂತು ಯಾರು ಹೇಳಿದ್ದು ಎಂದು ಕಿರುಚಿದ. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಮುನಿಶಾಮಮ್ಮ ಮುಂದೆ ಬಂದು, ನಾನೇ ಕಣಣ್ಣ ಎಂದಳು. ಗಡಿ ಸೀಮೆ ನಮ್ಮದು, ಕೋಪ ನೆತ್ತಿಗೇರಿದರೆ ನಮ್ಮವರ ಬಾಯಿಗೆ ತೆಲುಗು ಬರುತ್ತದೆ. ಇದೆಲ್ಲ ನಿನಗ್ಯಾಕೆ ಎಂದು ತೆಲುಗಿನಲ್ಲೇ ಅವನು ಬೈದದ್ದನ್ನೆಲ್ಲ ತಲೆ ತಗ್ಗಿಸದೆ ಕೇಳಿಸಿಕೊಂಡಳು. ನನ್ನ ಹೆಸರು ಅವಳ ಬಾಯಿಂದ ಇವತ್ತಿಗೂ ಬಂದಿಲ್ಲ.

ಆ ಬೀದಿಯವರು ಅವಳನ್ನು ಕೆಲಸಕ್ಕೆ ಕರೆಯುವುದು ಬಿಟ್ಟರು. ಈಗ ಬೆಳಿಗ್ಗೆ ಬಸ್ಸು ಹತ್ತಿ ಸಾದಲಿ ಕಡೆ ಕೂಲಿಗೆ ಹೋಗುತ್ತಾಳೆ. ಧನುಶ್ರೀ ಅದೇ ಬಸ್ಸಿಗೆ ಶಾಲೆಗೆ ಹೋಗುತ್ತಾಳೆ. ಇಬ್ಬರೂ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಹೋದ ವಾರ ತಾಲ್ಲೂಕಿನ ಮೀಟಿಂಗಿಗೆಂದು ನಾನೂ ಬಸ್ಸಿಗೆ ಕಾಯುತ್ತಿದ್ದೆ. ಹುಡುಗಿ ಮುನಿಶಾಮಮ್ಮನ ಪಕ್ಕಕ್ಕೆ ಬಂದು ನಿಂತಳು. ಥ್ಯಾಂಕ್ಸ್ ಹೇಳುತ್ತಾಳೆ ಎಂದುಕೊಂಡೆ.

"ಅಜ್ಜಿ, ನಮ್ಮಕ್ಕನ ಮದುವೆಗೂ ನೀನ್ ಬಂದಿದ್ದೆ ಅಲ್ವಾ? ಅವಳಿಗೆ ಆವಾಗ ಹದಿನಾಲ್ಕು."

ಮುನಿಶಾಮಮ್ಮ ನನ್ನತ್ತ ನೋಡಲಿಲ್ಲ. ಆ ಮದುವೆಯಲ್ಲಿ ಬಡಿಸಿದವಳು ನಾನು.

"ಬಂದಿದ್ದೆ ಕಣಮ್ಮ," ಎಂದಳು. "ಎಲ್ಲಾ ನೋಡ್ದೆ. ಊಟ ಮಾಡ್ಕೊಂಡು ಮನೆಗೋದೆ."