ಸೋದರಮಾವನ ಕೈ

ನಾಸಿಕದ ಪಂಚವಟಿಯಲ್ಲಿ ಹಲವು ಬಿಡಾರಗಳಿದ್ದ ಆ ವಾಡೆಗೆ ಸಂಸಾರ ಹೂಡಲು ಬಂದ ಹೊಸದರಲ್ಲಿ ನಾನು ಬೆಳಗಿನ ಚಹಾಕ್ಕೆ ಗಂಡನನ್ನು ಬಾಯಿಬಿಟ್ಟು ಕರೆಯದೆ, ಹಿತ್ತಾಳೆಯ ಲೋಟವನ್ನು ಹೊಸ್ತಿಲಿಗೆ ತಾಗಿಸಿ ಸದ್ದು ಮಾಡುತ್ತಿದ್ದೆ. ಹೊಸ ಮದುವಣಗಿತ್ತಿಯ ನಾಚಿಕೆಯೆಂದು ನೀವು ನಗಬಹುದು. ವಾಡೆಯವರೂ ಹಾಗೆಯೇ ತಿಳಿದು ನಕ್ಕಿದ್ದರು. ನಿಜವೆಂದರೆ, ನಾಸಿಕ್ ರೋಡ್ ಸ್ಟೇಶನ್ನಿನಲ್ಲಿ ಟ್ರಂಕು ಇಳಿಸುತ್ತಲೇ ಗಂಡ ಹೇಳಿದ್ದರು: "ಚಂದ್ರೀ, ಇಲ್ಲಿ ನನ್ನ ಮಾಮಾ ಅಂತ ಕರೀಬ್ಯಾಡ. ಈ ಮಂದಿಗೆ ತಿಳಿಯೂದುಲ್ಲ."

ಅವರು ನನ್ನ ಅವ್ವನ ಕಿರಿಯ ತಮ್ಮ. ಧಾರವಾಡದಲ್ಲಿ ನನಗೆ ಮಾತು ಬಂದಾಗಿನಿಂದ ಮಾಮಾ ಆಗಿದ್ದವರು, ಓಝರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಗಂಡನಾದರು. ಹೆಣ್ಣು ಹೆತ್ತವರಿಗೆ ಅದಕ್ಕಿಂತ ನೆಮ್ಮದಿಯ ಸಂಬಂಧ ನಮ್ಮಲ್ಲಿ ಬೇರೆ ಇರಲಿಲ್ಲ. ಅದರಲ್ಲಿ ಮುಚ್ಚಿಡುವಂಥದ್ದು ಏನಿತ್ತೋ ನನಗೆ ಅರ್ಥವಾಗಲಿಲ್ಲ.

ವಾಡೆಯ ಒಡತಿಯನ್ನು ಎಲ್ಲರೂ ಕಾಕೂ ಎನ್ನುತ್ತಿದ್ದರು. ಅವರು ತಮ್ಮ ಮಗಳು ಶೋಭಾಳ ಮದುವೆಗೆ ನನ್ನನ್ನೂ ಮನೆಯ ಹುಡುಗಿಯಂತೆ ಔರಂಗಾಬಾದಿಗೆ ಕರೆದೊಯ್ದರು. ಮನಮಾಡಿನಲ್ಲಿ ಗಾಡಿ ಬದಲಿಸಿ, ಬುಟ್ಟಿಗಳ ನಡುವೆ ನುಸುಳಿ ಕುಳಿತು, ಹಾಡುತ್ತ ಹೋದೆವು.

ಮಂಟಪದಲ್ಲಿ ಅಂತರಪಟ ಹಿಡಿದಿದ್ದರು. ಅದರಾಚೆಗಿದ್ದ ವರ ಕಾಣುತ್ತಿರಲಿಲ್ಲ. ಹುಡುಗಿಯ ಸೋದರಮಾವ ಬರಲಿ ಎಂದು ಭಟ್ಟರು ಕೂಗಿದರು. ನೆರೆತ ಮೀಸೆಯ, ರುಮಾಲು ಸುತ್ತಿದ ಹಿರಿಯರೊಬ್ಬರು ಶೋಭಾಳ ಕೈ ಹಿಡಿದು ನಡೆಸಿಕೊಂಡು ಬಂದರು. ಸೋದರಮಾವ ಮಂಟಪದಲ್ಲಿ ಕೈ ಹಿಡಿದನೆಂದರೆ ನಾನು ಬಲ್ಲ ಅರ್ಥ ಒಂದೇ, ಅವನೇ ವರ. ಆ ಗಾಬರಿಯಲ್ಲಿ ಗಂಡನ ಮಾತು ಮರೆತು, ನನ್ನ ಹರಕು ಮರಾಠಿಯಲ್ಲಿ ಪಕ್ಕದವರನ್ನು ಕೇಳಿಬಿಟ್ಟೆ: "ಇಷ್ಟು ವಯಸ್ಸಾದವರಿಗೆ ಕೊಡ್ತೀರೇನು? ನಾ ಲಗ್ನ ಆದ ಮಾಮಾ ಇನ್ನೂ ಹರೇದವರು."

ಸಾಲಿನ ಹೆಂಗಸರೆಲ್ಲ ತಿರುಗಿದರು. ನನ್ನ ಮುಂಗೈ ಹಿಡಿದು ಕೂತಿದ್ದ ಅಜ್ಜಿಯೊಬ್ಬರು, ಬಿಸಿ ಬೋಗುಣಿ ಮುಟ್ಟಿದವರಂತೆ ಕೈ ತೆಗೆದರು. ಇವರಲ್ಲಿ ಸೋದರಮಾವನೆಂದರೆ ತಂದೆಯ ಸಮಾನ. ಧಾರೆಯ ಹೊತ್ತಿಗೆ ಸೋದರಸೊಸೆಯ ಬೆನ್ನಿಗೆ ನಿಲ್ಲುವವನು. ನನ್ನ ಮದುವೆಯ ದಿನ ನನ್ನ ಬೆನ್ನಿಗೆ ಯಾರೂ ನಿಂತಿರಲಿಲ್ಲ, ನಿಲ್ಲಬೇಕಾದವರು ವರನಾಗಿ ಎದುರಿಗಿದ್ದರು.

ಹಾಗೆ ಅವರನ್ನು ಬೆಚ್ಚಿಬೀಳಿಸಿ ಕೂತವಳಿಗೆ, ನನ್ನ ಪಾಲಿನ ಆಘಾತ ಇನ್ನೂ ಬಾಕಿಯಿತ್ತು. ಅಕ್ಷತೆ ಬಿದ್ದು ಹೋಮ ಮುಗಿದ ಮೇಲೆ, ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ವರ ಉಂಗುರದಿಂದ ಏನೋ ಬರೆದ. ಶೋಭಾಳ ಹೆಸರು ಇನ್ನು ಮೇಲೆ ವೃಂದಾ ಎಂದು ಸಾರಿದರು. ಎಲ್ಲರಿಗೂ ಸಕ್ಕರೆ ಹಂಚಿದರು. ನಮ್ಮ ಕಡೆಯ ಕೆಲವು ಮನೆಗಳಲ್ಲೂ ಈ ರೂಢಿಯಿದೆಯೆಂದು ಕೇಳಿದ್ದೆ, ಕಂಡಿರಲಿಲ್ಲ. ನೀವೇ ಹೇಳಿ, ಬೆಳಿಗ್ಗೆ ನಾನು ಜಡೆ ಹೆಣೆದ ಹುಡುಗಿ ಮಧ್ಯಾಹ್ನದ ಊಟಕ್ಕೆ ಇಲ್ಲವೇ ಇಲ್ಲವೆಂದರೆ ಸಕ್ಕರೆ ನುಂಗುವುದು ಹೇಗೆ?

ಮರಳುವಾಗ ಗಾಡಿಯಲ್ಲಿ ನನ್ನೊಡನೆ ಯಾರೂ ಮಾತಾಡಲಿಲ್ಲ. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಗಂಡ ಬೈಯಲಿಲ್ಲ. ಬೇರೆ ಮನೆ ನೋಡೋಣ ಎಂದಷ್ಟೇ ಹೇಳಿ ಸೈಕಲ್ ಹತ್ತಿದರು. ಆಗ ಬಂದ ಅಳು, ಮದುವೆಯ ದಿನವೂ ನನಗೆ ಬಂದಿರಲಿಲ್ಲ.

ಕಾಕೂ ಕೆಲವು ದಿನ ನನ್ನ ಬಾಗಿಲ ಕಡೆ ಸುಳಿಯಲಿಲ್ಲ. ಒಂದು ಮಧ್ಯಾಹ್ನ ತಾವಾಗಿಯೇ ಬಂದು ಹೊಸ್ತಿಲ ಮೇಲೆ ಕುಳಿತರು. ಅವರ ಮರಾಠಿ ನನ್ನ ಕಿವಿಯಲ್ಲಿ ಕನ್ನಡವಾಗಿಯೇ ಉಳಿದಿದೆ.

"ಹಂಗಾರ ನಿನ್ನ ಅತ್ತಿ, ನಿನ್ನ ಅಜ್ಜೀನಽ?"

ಹೌದೆಂದೆ.

"ಆಕಿಗೆ ನೀ ಅಂಜಲೇ ಇಲ್ಲ?"

ಅಜ್ಜಿಗೆ ಯಾರಾದರೂ ಅಂಜುತ್ತಾರೆಯೇ ಎಂದೆ. ಕಾಕೂ ಆಗ, ತಾವು ಲಂಗ-ಪರಕಾರ ಉಡುವ ವಯಸ್ಸಿನಲ್ಲೇ ಸೊಸೆಯಾಗಿ ಈ ವಾಡೆಗೆ ಬಂದದ್ದನ್ನು, ಗುರುತಿನ ಒಂದು ಮುಖವೂ ಇಲ್ಲದೆ ಅಡುಗೆಮನೆಯ ಮೂಲೆಯಲ್ಲಿ ಬೆಳೆದದ್ದನ್ನು ಹೇಳಿಕೊಂಡರು. ನಿಮ್ಮ ರೀತಿ ಇವತ್ತಿಗೂ ನನ್ನ ಮನಸ್ಸಿಗೆ ಒಗ್ಗದು ಎನ್ನುವುದನ್ನೂ ಬಿಡಲಿಲ್ಲ. ಕೊನೆಗೆ ಕೇಳಿದರು: "ಮನೀವಳಗ ಅವರು ನಿನ್ನ ಏನಂತ ಕರೀತಾರ?"

"ಚಂದ್ರೀ ಅಂತಾರ್ರೀ. ಹುಟ್ಟಿದಾಗ ಇಟ್ಟ ಹೆಸರ್ರೀ."

"ನನಗೂ ಒಂದಿತ್ತು," ಎಂದು ಅವರು ಅಂಗಳದತ್ತ ನೋಡಿದರು. "ಯಮೂ. ನಮ್ಮವ್ವ ಹೋದ ಮ್ಯಾಲೆ ಯಾರೂ ಕರದಿಲ್ಲ."

ಹಿರಿಯರ ಹೆಸರು ಹಿಡಿಯುವುದು ತಪ್ಪೆಂದು ನನಗೆ ಗೊತ್ತು. ಆದರೂ ಕರೆದೆ, ಮೆಲ್ಲಗೆ.

ಅವರು ಓ ಎಂದರು.